ಟೆರಾಹರ್ಟ್ಸ್ ಬೆಳಕಿನ ಹಿಂದೆ ಬಿದ್ದವರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೆರಾಹರ್ಟ್ಸ್ ರೋಹಿತದರ್ಶನ, ಅಂದರೆ ಈ ಬೆಳಕನ್ನು ವಸ್ತುಗಳ ಮೂಲಕ ಹಾಯಿಸಿ ಯಾವ ಆವರ್ತನಕ್ಕೆ ಅವು ಹೇಗೆ ಸ್ಪಂದಿಸುತ್ತವೆ ಎಂದು ನೋಡುವುದು, ನನ್ನ ಕೆಲಸ. ಹಾಗೆಂದ ಕೂಡಲೇ ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳಿಂದ ಹಿಡಿದು ಸುಮ್ಮನೆ ಪ್ರಯೋಗಾಲಯ ನೋಡಲು ಬಂದವರ ತನಕ ಎಲ್ಲರೂ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಇಷ್ಟು ವರ್ಷ ಬಾಯಿಮಾತಿನಲ್ಲಿ ಹೇಳಿಕೊಂಡು ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವಕ್ಕೆ ಎರಡು ಮಾತು ಸಾಕಾಯಿತು. ಕೆಲವನ್ನು ಬೇಗ ಮುಗಿಸಲು ಮನಸ್ಸಾಗಲಿಲ್ಲ.

ಟೆರಾಹರ್ಟ್ಸ್ ಅಂದರೆ ಏನು?

ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಕಂಪಿಸುವ ಅಲೆಯ ಆವರ್ತನ 1 ಟೆರಾಹರ್ಟ್ಸ್. ಅದರ ತರಂಗದೂರ 0.3 ಮಿಲಿಮೀಟರ್, ಒಂದು ಕಂಪನಕ್ಕೆ ಹಿಡಿಯುವ ಕಾಲ 1 ಪಿಕೋಸೆಕೆಂಡ್. ಸಾಮಾನ್ಯವಾಗಿ 0.1ರಿಂದ 10 ಟೆರಾಹರ್ಟ್ಸ್ ತನಕದ ಪಟ್ಟಿಯನ್ನು, ಅಂದರೆ 3 ಮಿಲಿಮೀಟರ್‌ನಿಂದ 30 ಮೈಕ್ರಾನ್ (0.03 ಮಿಲಿಮೀಟರ್) ತನಕದ ಅಲೆಗಳನ್ನು, ಈ ಹೆಸರಿನಿಂದ ಕರೆಯುತ್ತೇವೆ. ಒಂದು ಪಕ್ಕದಲ್ಲಿ ಮೈಕ್ರೋವೇವ್, ಇನ್ನೊಂದು ಪಕ್ಕದಲ್ಲಿ ಅವಕೆಂಪು. ಹಳಬರು ಇದನ್ನೇ ‘ದೂರದ ಅವಕೆಂಪು’ ಎನ್ನುತ್ತಿದ್ದರು. ಹೆಸರು ಬದಲಾಯಿತು, ಬೆಳಕು ಅದೇ.

ಇದನ್ನು ‘ಟೆರಾಹರ್ಟ್ಸ್ ಕಂದರ’ ಎಂದು ಯಾಕೆ ಕರೆಯುತ್ತಿದ್ದರು?

ಎರಡು ದಡ ಇತ್ತು, ನಡುವೆ ಸೇತುವೆ ಇರಲಿಲ್ಲ. ರೇಡಿಯೊ, ಮೈಕ್ರೋವೇವ್ ಕಡೆಯವರು ಎಲೆಕ್ಟ್ರಾನುಗಳನ್ನು ಅತ್ತಿತ್ತ ಓಡಾಡಿಸಿ ಅಲೆ ಎಬ್ಬಿಸುತ್ತಾರೆ. ಆವರ್ತನ ಏರಿದಂತೆ ಎಲೆಕ್ಟ್ರಾನುಗಳು ಆ ವೇಗಕ್ಕೆ ತಾಳ ಹಾಕಲಾರದೆ ಸೋಲುತ್ತವೆ. ಕೆಲವು ನೂರು ಗಿಗಾಹರ್ಟ್ಸ್ ದಾಟುವಷ್ಟರಲ್ಲಿ ಸಿಗುವ ಶಕ್ತಿ ಪಾತಾಳಕ್ಕೆ ಇಳಿದಿರುತ್ತದೆ. ಲೇಸರ್ ಕಡೆಯವರ ದಾರಿ ಬೇರೆ. ಅವರಿಗೆ ಎರಡು ಶಕ್ತಿಮಟ್ಟಗಳ ನಡುವಿನ ಜಿಗಿತ ಬೇಕು. 1 ಟೆರಾಹರ್ಟ್ಸ್ ಫೋಟಾನಿನ ಶಕ್ತಿ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಪ್ರತಿಯೊಂದು ವಸ್ತುವಿನೊಳಗೂ ಕುದಿಯುತ್ತಿರುವ ಶಾಖದ ಶಕ್ತಿಯೇ ಸುಮಾರು 25. ಅಷ್ಟು ಗದ್ದಲದ ನಡುವೆ 4ರ ಅಂತರದ ಎರಡು ಮೆಟ್ಟಿಲುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಕಷ್ಟ. ಹೀಗೆ ಎರಡೂ ಕಡೆಯ ಉಪಕರಣಗಳು ಸೋಲುವ ಜಾಗವಾಗಿ ಇದು ಉಳಿದಿತ್ತು.

ಆದರೆ ಖಾಲಿ ಜಾಗ ಎಂದು ತಿಳಿಯಬೇಡಿ. ವಿಶ್ವದ ಹಿನ್ನೆಲೆ ವಿಕಿರಣದ ಶಿಖರ 0.16 ಟೆರಾಹರ್ಟ್ಸ್ ಆಸುಪಾಸಿನಲ್ಲಿದೆ. ತಣ್ಣನೆಯ ಧೂಳಿನ ಮೋಡಗಳು, ಅಂದರೆ ನಕ್ಷತ್ರಗಳು ಹುಟ್ಟುವ ಜಾಗಗಳು, ಮಿನುಗುವುದೂ ಇದೇ ಪಟ್ಟಿಯಲ್ಲಿ. ಬೆಳಕು ಬೇಕಾದಷ್ಟಿತ್ತು; ಅದನ್ನು ಹಿಡಿಯುವ ಕೈ ನಮಗಿರಲಿಲ್ಲ.

ಈ ವಿಷಯ ಎಷ್ಟು ಹಳೆಯದು?

ನೀವು ಅಂದುಕೊಂಡಿರುವುದಕ್ಕಿಂತ ಹಳೆಯದು, ಮತ್ತು ಈ ಕಥೆಯನ್ನು ನಾನು ಯಾವ ಹೊಸ ವಿದ್ಯಾರ್ಥಿಗೂ ಹೇಳದೆ ಬಿಡುವುದಿಲ್ಲ. 1890ರ ದಶಕದಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ, ಅವುಗಳ ವಕ್ರೀಭವನ, ಧ್ರುವೀಕರಣಗಳನ್ನು ಅಳೆದರು. ಅದು ಕಂದರದ ಒಂದು ದಡ. ಇನ್ನೊಂದು ದಡದಲ್ಲಿ, ಬರ್ಲಿನ್‌ನಲ್ಲಿ, ಹೈನ್ರಿಚ್ ರೂಬೆನ್ಸ್ ಇದ್ದರು. ಕಲ್ಲುಪ್ಪಿನಂಥ ಹರಳುಗಳು ಕೆಲವು ಅಲೆಗಳನ್ನು ಮಾತ್ರ ಬಲವಾಗಿ ಪ್ರತಿಫಲಿಸುತ್ತವೆ. ಬಿಸಿ ವಸ್ತುವಿನ ಬೆಳಕನ್ನು ಅಂಥ ಹರಳುಗಳ ಮೇಲೆ ಮತ್ತೆ ಮತ್ತೆ ಪುಟಿಸಿದರೆ ಕೊನೆಗೆ ಉಳಿಯುವುದು ಆ ಅಲೆಗಳಷ್ಟೇ. ಕಲ್ಲುಪ್ಪಿನಿಂದ ಅವರಿಗೆ ಸಿಕ್ಕ ಅಲೆ 51 ಮೈಕ್ರಾನಿನದು. ನಮ್ಮ ಲೆಕ್ಕದಲ್ಲಿ ಅದು ಸುಮಾರು 5.9 ಟೆರಾಹರ್ಟ್ಸ್.

1900ರ ಅಕ್ಟೋಬರ್ 7, ಭಾನುವಾರ. ರೂಬೆನ್ಸ್ ತಮ್ಮ ಗೆಳೆಯ ಮ್ಯಾಕ್ಸ್ ಪ್ಲಾಂಕ್ ಅವರ ಮನೆಗೆ ಹೋದರು. ತಾವೂ ಸಹೋದ್ಯೋಗಿ ಕುರ್ಲ್‌ಬಾಮ್ ಅವರೂ ಸೇರಿ ಅಳೆದ ಸಂಖ್ಯೆಗಳನ್ನು ಹೇಳಿದರು: ಉದ್ದದ ಅಲೆಗಳಲ್ಲಿ ಬೆಳಕಿನ ತೀವ್ರತೆ ಉಷ್ಣತೆಗೆ ನೇರ ಅನುಪಾತದಲ್ಲಿ ಏರುತ್ತಿದೆ, ಬಿಸಿ ವಸ್ತು ಹೊಮ್ಮಿಸುವ ಬೆಳಕಿನ ಬಗ್ಗೆ ಅಲ್ಲಿಯವರೆಗೆ ಎಲ್ಲರೂ ನಂಬಿದ್ದ ವೀನ್ ಸೂತ್ರಕ್ಕೆ ಇದು ಹೊಂದುತ್ತಿಲ್ಲ. ಪ್ಲಾಂಕ್ ಕೂಡಲೇ ಹೊಸ ಸೂತ್ರ ಹುಡುಕಲು ಕೂತರು. ಅಕ್ಟೋಬರ್ 19ರಂದು ಅದನ್ನು ಸಭೆಯ ಮುಂದಿಟ್ಟರು, ಡಿಸೆಂಬರ್ 14ರಂದು ಅದರ ಆಧಾರವನ್ನೂ ಕೊಟ್ಟರು. ಕ್ವಾಂಟಮ್ ಭೌತಶಾಸ್ತ್ರ ಹುಟ್ಟಿದ್ದು ಹಾಗೆ. ಅಂದರೆ ಅದರ ಹಿಂದೆ ಇದ್ದದ್ದು ಟೆರಾಹರ್ಟ್ಸ್ ಪಟ್ಟಿಯ ಒಂದು ಅಳತೆ, ಅದನ್ನು ಅಷ್ಟು ಎಚ್ಚರದಿಂದ ಮಾಡಿದ ಒಬ್ಬ ಪ್ರಯೋಗಕಾರ.

ಈಗಿನ ವಿಧಾನ ಯಾವಾಗ ಬಂತು?

1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೇವಿಡ್ ಆಸ್ಟನ್ ಮತ್ತು ಸಂಗಡಿಗರು ಅರೆವಾಹಕದ ಮೇಲೆ ಪುಟ್ಟ ಆಂಟೆನಾ ಮಾಡಿ, ಅದರ ಮೇಲೆ ಲೇಸರಿನ ಕಿರು ಪಲ್ಸ್ ಬೀಳಿಸಿದರು. ಹರ್ಟ್ಸ್ ತನ್ನ ಕಾಲದಲ್ಲಿ ಎರಡು ಗುಂಡುಗಳ ನಡುವೆ ಕಿಡಿ ಹಾರಿಸಿ ರೇಡಿಯೊ ಅಲೆ ಎಬ್ಬಿಸಿದ್ದ. ಇಲ್ಲಿ ಕಿಡಿಯ ಜಾಗಕ್ಕೆ ಲೇಸರ್ ಬಂತು. 1989ರಲ್ಲಿ ಐಬಿಎಂನ ಪ್ರಯೋಗಾಲಯದಲ್ಲಿ ಡ್ಯಾನಿಯಲ್ ಗ್ರಿಶ್ಕೊವ್‌ಸ್ಕಿ ತಂಡ ಇದೇ ವಿಧಾನದಿಂದ ನೀರಾವಿಯ ಒಂಬತ್ತು ಬಲವಾದ ಹೀರಿಕೆ ರೇಖೆಗಳನ್ನು, ಅಂದರೆ ಅದು ಬೆಳಕನ್ನು ಬಲವಾಗಿ ಹೀರುವ ಆವರ್ತನಗಳನ್ನು, ಅಳೆಯಿತು. ನಾವು ಇವತ್ತು ಮಾಡುವ ಕೆಲಸ ಅದರ ನೇರ ವಂಶ. 1995ರಲ್ಲಿ ಬೆಲ್ ಲ್ಯಾಬ್ಸ್‌ನ ಹು ಮತ್ತು ನುಸ್ ಇದರಿಂದ ಚಿತ್ರವನ್ನೂ ತೆಗೆದರು. ಅವರು ಆರಿಸಿಕೊಂಡ ವಸ್ತುಗಳಲ್ಲಿ ಒಂದು ಗಿಡದ ಎಲೆ. ಎಲೆ ಒಣಗುತ್ತಾ ಹೋದದ್ದು ಚಿತ್ರದಲ್ಲಿ ಕಾಣುತ್ತದೆ.

ನೀವು ಅಳೆಯುವುದು ನಿಜವಾಗಿ ಏನನ್ನು?

ಇದು ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ. ಉತ್ತರ ಉದ್ದವಿದೆ.

ಕಣ್ಣಾಗಲಿ, ಕ್ಯಾಮೆರಾ ಆಗಲಿ, ಬೆಳಕಿನ ತೀವ್ರತೆಯನ್ನಷ್ಟೇ ಅಳೆಯುತ್ತವೆ. ಅಲೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ಅವಕ್ಕೆ ತಿಳಿಯದು. ಕೋಟ್ಯಂತರ ಏರಿಳಿತಗಳ ಸರಾಸರಿ ಮಾತ್ರ ಸಿಗುತ್ತದೆ. ನಾವು ಹಾಗಲ್ಲ. ಅಲೆಯ ವಿದ್ಯುತ್ ಕ್ಷೇತ್ರ ಕ್ಷಣಕ್ಷಣಕ್ಕೂ ಎಷ್ಟಿದೆ, ಯಾವ ದಿಕ್ಕಿಗಿದೆ ಎಂದು ನೇರವಾಗಿ ಬರೆದುಕೊಳ್ಳುತ್ತೇವೆ.

ಹೇಗೆಂದರೆ: ಸುಮಾರು 100 ಫೆಮ್ಟೋಸೆಕೆಂಡ್ (0.1 ಪಿಕೋಸೆಕೆಂಡ್) ಉದ್ದದ ಲೇಸರ್ ಪಲ್ಸ್ ಒಂದನ್ನು ಎರಡಾಗಿ ಸೀಳುತ್ತೇವೆ. ಒಂದು ಪಾಲು ಹೋಗಿ ಆಂಟೆನಾಕ್ಕೆ ಬಡಿದು ಟೆರಾಹರ್ಟ್ಸ್ ಪಲ್ಸ್ ಹುಟ್ಟಿಸುತ್ತದೆ. ಆ ಪಲ್ಸ್ ಸ್ಯಾಂಪಲ್ ದಾಟಿ ಡಿಟೆಕ್ಟರ್ ತಲುಪುತ್ತದೆ. ಇನ್ನೊಂದು ಪಾಲು ನೇರ ಡಿಟೆಕ್ಟರಿಗೆ ಬಂದು ಬಾಗಿಲು ತೆರೆದು ಮುಚ್ಚುವ ಕೆಲಸ ಮಾಡುತ್ತದೆ. ಆ ಬಾಗಿಲು ತೆರೆದಿರುವ ಅತಿ ಚಿಕ್ಕ ಗಳಿಗೆಯಲ್ಲಿ ಅಲ್ಲಿರುವ ವಿದ್ಯುತ್ ಕ್ಷೇತ್ರ ಎಷ್ಟೋ ಅಷ್ಟು ಮಾತ್ರ ದಾಖಲಾಗುತ್ತದೆ. ಈಗ ಎರಡನೆಯ ಪಾಲಿನ ದಾರಿಯಲ್ಲಿರುವ ಕನ್ನಡಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ. ಬಾಗಿಲು ಒಂದಿಷ್ಟು ತಡವಾಗಿ ತೆರೆಯುತ್ತದೆ, ಅಲೆಯ ಮುಂದಿನ ಬಿಂದು ಸಿಗುತ್ತದೆ. ಬೆಳಕು ಹೋಗಿ ಬರಬೇಕಾದ್ದರಿಂದ ಕನ್ನಡಿ 0.15 ಮಿಲಿಮೀಟರ್ ಸರಿದರೆ 1 ಪಿಕೋಸೆಕೆಂಡ್ ಸರಿದಂತೆ. ಕನ್ನಡಿಯನ್ನು 15 ಮಿಲಿಮೀಟರ್ ಓಡಿಸಿದರೆ 100 ಪಿಕೋಸೆಕೆಂಡಿನ ಕಥೆ ಪೂರ್ತಿ ಕೈಗೆ ಬರುತ್ತದೆ, ಅದರಿಂದ 10 ಗಿಗಾಹರ್ಟ್ಸ್ ಸೂಕ್ಷ್ಮತೆಯ ರೋಹಿತ ಸಿಗುತ್ತದೆ. ಯಾವ ಗಡಿಯಾರವೂ ಅಳೆಯಲಾರದ ಕಾಲವನ್ನು ಹೀಗೆ ಒಂದು ಕನ್ನಡಿಯ ಸರಿದಾಟದಿಂದ ಅಳೆಯುತ್ತೇವೆ.

ಇದರಿಂದ ಏನು ಲಾಭ ಎಂದರೆ, ಅಲೆ ಎಷ್ಟು ಕುಗ್ಗಿತು ಎಂಬುದರ ಜೊತೆಗೆ ಎಷ್ಟು ತಡವಾಯಿತು ಎಂಬುದೂ ಒಂದೇ ಅಳತೆಯಲ್ಲಿ ಸಿಗುತ್ತದೆ. ಸುಮಾರು 1.5 ವಕ್ರೀಭವನ ಸೂಚ್ಯಂಕದ 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಲಗೆಯನ್ನು ನಡುವೆ ಇಟ್ಟು ನೋಡಿ: ಇಡೀ ಪಲ್ಸ್ ತನ್ನ ಆಕಾರ ಕೆಡಿಸಿಕೊಳ್ಳದೆ ಸುಮಾರು 1.7 ಪಿಕೋಸೆಕೆಂಡ್ ಪಕ್ಕಕ್ಕೆ ಸರಿದು ಕೂರುತ್ತದೆ. ಮೊದಲ ಸಲ ಪರದೆಯ ಮೇಲೆ ಅದು ಸರಿದದ್ದನ್ನು ಕಂಡಾಗ ನಾನು ಹಲಗೆಯನ್ನು ತೆಗೆದು, ಇಟ್ಟು, ತೆಗೆದು, ಇಟ್ಟು, ಹತ್ತಾರು ಸಲ ನೋಡಿದೆ. ಬೆಳಕು ವಸ್ತುವಿನೊಳಗೆ ನಿಧಾನವಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದು ಬೇರೆ, ಆ ನಿಧಾನವನ್ನು ಕಣ್ಣಾರೆ ಕಾಣುವುದು ಬೇರೆ. ನಾನು ಈ ವೃತ್ತಿಯಲ್ಲಿ ಉಳಿದದ್ದು ಆ ಸಂಜೆಯಿಂದ.

ಕಾಣದ ಬೆಳಕನ್ನು ದಾರಿಗೆ ತರುವುದು ಹೇಗೆ?

ತಾಳ್ಮೆಯಿಂದ. ಟೆರಾಹರ್ಟ್ಸ್ ಕಾಣದು, ಅದರ ಶಕ್ತಿಯೂ ಮೈಕ್ರೋವಾಟ್‌ಗಳ ಲೆಕ್ಕದ್ದು. ಹಾಗಾಗಿ ಮೊದಲು ಕಾಣುವ ಕೆಂಪು ಲೇಸರ್ ಒಂದನ್ನು ಅದೇ ದಾರಿಯಲ್ಲಿ ಹಾಯಿಸಿ ಪ್ಯಾರಬೋಲಿಕ್ ಕನ್ನಡಿಗಳನ್ನು ನೇರ ಮಾಡಿಕೊಳ್ಳುತ್ತೇವೆ. ಆಮೇಲೆ ಎರಡು ದಾರಿಗಳ ಉದ್ದ ಸಮ ಮಾಡಬೇಕು. ಲೇಸರ್ ಇಬ್ಭಾಗವಾಗುವ ಜಾಗದಿಂದ ಡಿಟೆಕ್ಟರಿನ ತನಕ ಎರಡೂ ಪಾಲು ನಡೆಯುವ ದೂರ ಒಂದೇ ಆಗಿರಬೇಕು, ಇಲ್ಲದಿದ್ದರೆ ಬಾಗಿಲು ತೆರೆದಾಗ ಅತಿಥಿಯೇ ಬಂದಿರುವುದಿಲ್ಲ. ಮೂರು ಸೆಂಟಿಮೀಟರ್ ತಪ್ಪಿದರೆ 100 ಪಿಕೋಸೆಕೆಂಡ್ ಆಚೆ ಹೋದಂತೆ.

ಲಕ್ಷಾಂತರ ಬೆಲೆಯ ಉಪಕರಣಗಳಿರುವ ಮೇಜಿನ ಮೇಲೆ ಈ ಕೆಲಸಕ್ಕೆ ನಾನು ಬಳಸುವುದು ಒಂದು ದಾರ. ಲೇಸರನ್ನು ಆಫ್ ಮಾಡಿ, ದಾರದ ಒಂದು ತುದಿಯನ್ನು ಮೊದಲ ಕನ್ನಡಿಯ ಬುಡಕ್ಕೆ ಹಿಡಿದು, ಕಿರಣ ತಿರುಗುವ ಕಡೆಯಲ್ಲೆಲ್ಲ ತಿರುಗಿಸುತ್ತಾ ಕೊನೆತನಕ ಒಯ್ದು, ಅಲ್ಲಿ ಗಂಟು ಹಾಕುತ್ತೇನೆ. ಇನ್ನೊಂದು ದಾರಿಗೆ ಅದೇ ದಾರ. ಗಂಟು ಎಲ್ಲಿ ಬರುತ್ತದೋ ನೋಡಿ, ಸರಿಯುವ ಕನ್ನಡಿ ಕೂತಿರುವ ಸ್ಟೇಜನ್ನು ಅಷ್ಟು ಸರಿಸಿದರೆ ಸಾಕು, ಮುಂದಿನದನ್ನು ಕಂಪ್ಯೂಟರ್ ಹುಡುಕುತ್ತದೆ. ದುರ್ಬಲ ಸಿಗ್ನಲನ್ನು ಹೆಕ್ಕುವ ಲಾಕ್-ಇನ್ ಯಂತ್ರದ ಪರದೆಯಲ್ಲಿ ಗದ್ದಲದ ನಡುವಿಂದ ಸಂಖ್ಯೆ ಮೆಲ್ಲನೆ ಏಳತೊಡಗಿದಾಗ ಉಸಿರು ಬಿಗಿಹಿಡಿದು ಸ್ಕ್ರೂ ತಿರುಗಿಸುತ್ತೇವೆ. ಎಷ್ಟೇ ವರ್ಷ ಕಳೆದರೂ ಆ ಗಳಿಗೆಯ ಸುಖ ಕಡಿಮೆಯಾಗಿಲ್ಲ.

ನೀರನ್ನು ಕಂಡರೆ ಯಾಕೆ ಅಷ್ಟು ಹೆದರಿಕೆ?

ನೀರಿನ ಅಣುವಿನಲ್ಲಿ ವಿದ್ಯುದಾವೇಶ ಸಮನಾಗಿ ಹಂಚಿಕೆಯಾಗಿಲ್ಲ. ಆವಿಯಲ್ಲಿ ಅದು ತಿರುಗುವ ವೇಗಗಳು ಸರಿಯಾಗಿ ನಮ್ಮ ಪಟ್ಟಿಗೇ ಬಂದು ಬೀಳುತ್ತವೆ: 0.557, 0.752, 0.988, 1.097 ಟೆರಾಹರ್ಟ್ಸ್, ಹೀಗೆ ಸಾಲು ಸಾಲು ರೇಖೆಗಳು. ತೆರೆದ ಗಾಳಿಯಲ್ಲಿ ಅಳೆದರೆ ಮುಖ್ಯ ಪಲ್ಸ್ ಮುಗಿದ ಮೇಲೂ ಉದ್ದನೆಯ ಬಾಲದಂತೆ ಏರಿಳಿತ ಉಳಿಯುತ್ತದೆ; ಪಲ್ಸಿನಿಂದ ಏಟು ತಿಂದ ಅಣುಗಳು ಗಂಟೆ ಬಾರಿಸಿದಂತೆ ಇನ್ನೂ ಅನುರಣಿಸುತ್ತಿರುತ್ತವೆ. ಅದಕ್ಕಾಗಿ ಕಿರಣದ ದಾರಿಯನ್ನೆಲ್ಲ ಪೆಟ್ಟಿಗೆಯಲ್ಲಿ ಮುಚ್ಚಿ ಒಣ ನೈಟ್ರೋಜನ್ ತುಂಬುತ್ತೇವೆ.

ದ್ರವ ನೀರಿನ ಕಥೆ ಇನ್ನೂ ಕಠಿಣ. 1 ಟೆರಾಹರ್ಟ್ಸ್ ಅಲೆ ಒಂದು ಮಿಲಿಮೀಟರ್ ನೀರು ದಾಟುವಷ್ಟರಲ್ಲಿ ಅದರ ಶಕ್ತಿಯಲ್ಲಿ 100 ಕೋಟಿಗೆ ಒಂದು ಪಾಲೂ ಉಳಿದಿರುವುದಿಲ್ಲ. ದೇಹದೊಳಗೆ ಇಣುಕಿ ನೋಡಲು ಟೆರಾಹರ್ಟ್ಸ್ ಬರುತ್ತದೆಯೇ ಎಂದು ಕೇಳುವವರಿಗೆ ಇದೇ ಉತ್ತರ: ಚರ್ಮದ ಮೇಲ್ಪದರ ದಾಟಿ ಒಳಗೆ ಹೋಗದು. ಆದರೆ ಇದೇ ಗುಣ ಕೆಲವೊಮ್ಮೆ ವರ. ನೀರಿಗೆ ಅಷ್ಟು ಸ್ಪಂದಿಸುವ ಬೆಳಕಿನಿಂದ ಎಲೆಯ ತೇವವನ್ನೂ, ಚರ್ಮದ ತೇವವನ್ನೂ ಮುಟ್ಟದೆಯೇ ಅಳೆಯಬಹುದು.

ಇದರಿಂದ ವಸ್ತುಗಳ ಬಗ್ಗೆ ಏನು ತಿಳಿಯುತ್ತದೆ?

ನನಗೆ ಹತ್ತಿರದ್ದು ಅತಿವಾಹಕಗಳು, ಅಂದರೆ ತುಂಬಾ ತಣ್ಣಗಾದಾಗ ತಡೆಯೇ ಇಲ್ಲದೆ ವಿದ್ಯುತ್ ಹರಿಯಬಿಡುವ ವಸ್ತುಗಳು. ಅದರಿಂದಲೇ ಶುರು ಮಾಡುತ್ತೇನೆ. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ. ಆ ಜೋಡಿ ಮುರಿಯಲು ಇಂತಿಷ್ಟು ಶಕ್ತಿ ಬೇಕು. ಅದಕ್ಕಿಂತ ಕಡಿಮೆ ಶಕ್ತಿಯ ಫೋಟಾನನ್ನು ತಣ್ಣಗಿನ ಅತಿವಾಹಕ ಹೀರುವುದೇ ಇಲ್ಲ. ಸೀಸ, ನಯೋಬಿಯಮ್‌ಗಳಲ್ಲಿ ಆ ಗಡಿ 0.7 ಟೆರಾಹರ್ಟ್ಸ್ ಆಸುಪಾಸಿನಲ್ಲಿದೆ. 1956-57ರಲ್ಲಿ ಗ್ಲೋವರ್ ಮತ್ತು ಟಿಂಕಮ್ ದೂರದ ಅವಕೆಂಪು ಬೆಳಕನ್ನು ತೆಳು ಸೀಸದ ಪದರಗಳ ಮೂಲಕ ಹಾಯಿಸಿ ಈ ಗಡಿಯ ಕುರುಹು ಕಂಡರು. ಅತಿವಾಹಕತೆಯನ್ನು ವಿವರಿಸಿದ ಬಾರ್ಡೀನ್, ಕೂಪರ್, ಶ್ರೀಫರ್ ಸಿದ್ಧಾಂತ ಬಂದದ್ದೂ 1957ರಲ್ಲೇ. 2013ರಲ್ಲಿ ಟೋಕಿಯೊದ ಮತ್ಸುನಾಗ, ಶಿಮಾನೊ ತಂಡ ಇನ್ನೂ ಮುಂದೆ ಹೋಯಿತು: ನಯೋಬಿಯಮ್ ಟೈಟೇನಿಯಮ್ ನೈಟ್ರೈಡ್ ಪದರಕ್ಕೆ ಬಲವಾದ ಟೆರಾಹರ್ಟ್ಸ್ ಪಲ್ಸ್ ಹೊಡೆದು, ಜೋಡಿಗಳ ಒಟ್ಟು ಬಲವೇ ಏರಿಳಿಯುವಂತೆ ಮಾಡಿ ಆ ತೂಗಾಟವನ್ನು ಪಿಕೋಸೆಕೆಂಡ್ ಲೆಕ್ಕದಲ್ಲಿ ನೋಡಿತು. ಕಣಭೌತಶಾಸ್ತ್ರದ ಹಿಗ್ಸ್ ಕಣಕ್ಕೆ ಅತಿವಾಹಕದೊಳಗಿನ ಸೋದರ ಅದು.

ಅರೆವಾಹಕಗಳಲ್ಲಿ ಎಲೆಕ್ಟ್ರಾನು ಎಷ್ಟು ದೂರ ಡಿಕ್ಕಿಯಿಲ್ಲದೆ ಓಡುತ್ತದೆ ಎಂಬುದನ್ನು ತಂತಿ ಬೆಸೆಯದೆಯೇ ಅಳೆಯಬಹುದು. ಲೇಸರ್ ಏಟು ಕೊಟ್ಟು, ಆಮೇಲೆ ಒಂದು, ಎರಡು, ಹತ್ತು ಪಿಕೋಸೆಕೆಂಡಿಗೆ ಅವು ಏನಾದವು ಎಂದು ಹಿಂಬಾಲಿಸಬಹುದು. ಪ್ರತಿಕಾಂತೀಯ (ಆಂಟಿಫೆರೊಮ್ಯಾಗ್ನೆಟಿಕ್) ಹರಳುಗಳಲ್ಲಿ ಸ್ಪಿನ್‌ಗಳು, ಅಂದರೆ ಎದುರುಬದುರು ದಿಕ್ಕಿಗೆ ನಿಂತ ಎಲೆಕ್ಟ್ರಾನಿನ ಪುಟ್ಟ ಅಯಸ್ಕಾಂತಗಳು, ಒಟ್ಟಾಗಿ ತೂಗುವುದೂ ಇದೇ ಆವರ್ತನಗಳಲ್ಲಿ. ನಿಕ್ಕೆಲ್ ಆಕ್ಸೈಡಿನಲ್ಲಿ ಸುಮಾರು 1 ಟೆರಾಹರ್ಟ್ಸ್.

ಅಣುಗಳ ಹರಳುಗಳದು ಮತ್ತೊಂದು ಲೋಕ. ಅವಕೆಂಪಿನಲ್ಲಿ ಅಣುವಿನೊಳಗಿನ ಒಂದೊಂದು ಬಂಧ ನಡುಗುವುದು ಕಾಣುತ್ತದೆ. ಟೆರಾಹರ್ಟ್ಸ್‌ನಲ್ಲಿ ಪಕ್ಕಪಕ್ಕದ ಅಣುಗಳು ಒಂದಕ್ಕೊಂದು ಒರಗಿಕೊಂಡು ಇಡಿಯಾಗಿ ತೂಗುವುದು ಕಾಣುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ 0.53 ಟೆರಾಹರ್ಟ್ಸ್ ರೇಖೆ ನಮ್ಮೆಲ್ಲರ ಹಳೆಯ ಸ್ನೇಹಿತ. ಹೊಸ ಉಪಕರಣ ಕಟ್ಟಿದವರು ಮೊದಲು ಅದನ್ನೇ ಅಳೆದು ನೋಡುತ್ತಾರೆ. ಅದೇ ಅಣು ಬೇರೆ ರೀತಿ ಜೋಡಿಸಿಕೊಂಡು ಹರಳಾದರೆ ರೋಹಿತವೇ ಬದಲಾಗುತ್ತದೆ. ಔಷಧ ತಯಾರಿಸುವವರಿಗೆ ಇದು ತುಂಬಾ ಮುಖ್ಯ, ಯಾಕೆಂದರೆ ಜೋಡಣೆ ಬದಲಾದರೆ ಮಾತ್ರೆ ಕರಗುವ ವೇಗವೂ ಬದಲಾಗಬಹುದು.

ನೀವು ಮಾಡಿದ ದೊಡ್ಡ ತಪ್ಪು ಯಾವುದು?

ಪಿಎಚ್‌.ಡಿ.ಯ ಎರಡನೆಯ ವರ್ಷ. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳೆಸಿದ ತೆಳು ಪದರವೊಂದನ್ನು ಅಳೆಯುತ್ತಿದ್ದೆ. ರೋಹಿತದಲ್ಲಿ ಸಣ್ಣ ಸಣ್ಣ ತಗ್ಗುಗಳು ಕಂಡವು, ಸಾಲಾಗಿ, ಅಚ್ಚುಕಟ್ಟಾಗಿ. ಉಷ್ಣತೆ ಇಳಿಸಿದಂತೆ ಅವು ಜಾಗ ಬದಲಿಸುತ್ತಿದ್ದವು. ಹೊಸ ಬಗೆಯ ಉತ್ತೇಜನವೇ ಸಿಕ್ಕಿತು ಎಂದು ನಂಬಿದೆ. ಮೂರು ತಿಂಗಳು ಅದರ ಹಿಂದೆ ಬಿದ್ದೆ, ಪ್ರತಿ ಉಷ್ಣತೆಯಲ್ಲೂ ಅಳೆದೆ, ಬರೆಯಲೂ ಶುರು ಮಾಡಿದೆ.

ನನ್ನ ಮಾರ್ಗದರ್ಶಕರು ಚಿತ್ರವನ್ನು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು: “ಎರಡು ತಗ್ಗುಗಳ ನಡುವಿನ ಅಂತರ ಎಷ್ಟು?” 88 ಗಿಗಾಹರ್ಟ್ಸ್ ಎಂದೆ. “ಅದನ್ನು ತಲೆಕೆಳಗು ಮಾಡು.” ಮಾಡಿದೆ. 11.4 ಪಿಕೋಸೆಕೆಂಡ್ ಬಂತು. ಅರ್ಧ ಮಿಲಿಮೀಟರ್ ದಪ್ಪದ ಸಿಲಿಕಾನ್, ವಕ್ರೀಭವನ ಸೂಚ್ಯಂಕ 3.42, ಅದರೊಳಗೆ ಬೆಳಕು ಒಮ್ಮೆ ಹೋಗಿ ಬರಲು ಬೇಕಾದ ಕಾಲ ಸರಿಯಾಗಿ ಅಷ್ಟೇ. ನನ್ನ ಎದೆ ಧಸಕ್ಕೆಂದಿತು. ನಾನು ಅಳೆದದ್ದು ಬಿಲ್ಲೆಯೊಳಗಿನ ಪ್ರತಿಧ್ವನಿ.

ಹೋಲಿಕೆಗೆ ಇಟ್ಟುಕೊಂಡಿದ್ದ ಬರಿ ಬಿಲ್ಲೆಯಲ್ಲೂ ಆ ಪ್ರತಿಧ್ವನಿ ಇರಬೇಕಲ್ಲ, ಒಂದು ರೋಹಿತವನ್ನು ಇನ್ನೊಂದರಿಂದ ಭಾಗಿಸಿದಾಗ ಅದು ಹೋಗಬೇಕಲ್ಲ ಎಂದು ನೀವು ಕೇಳಬಹುದು. ಎರಡೂ ಬಿಲ್ಲೆಗಳು ಒಂದೇ ದಪ್ಪದವು ಎಂದು ನಾನು ನಂಬಿದ್ದೆ. ಮೈಕ್ರೋಮೀಟರ್ ಇಟ್ಟು ನೋಡಿದಾಗ 10 ಮೈಕ್ರಾನ್ ವ್ಯತ್ಯಾಸವಿತ್ತು, ಕೂದಲಿಗಿಂತ ಎಷ್ಟೋ ತೆಳ್ಳಗಿನ ವ್ಯತ್ಯಾಸ. ಅಷ್ಟು ಸಾಕಾಗಿತ್ತು, ಪ್ರತಿಧ್ವನಿಗಳು ಒಂದನ್ನೊಂದು ಅಳಿಸದೆ ಉಳಿಯಲು. ತಗ್ಗುಗಳು ಉಷ್ಣತೆಯೊಂದಿಗೆ ಸರಿದದ್ದೂ ಸುಳ್ಳಲ್ಲ. ತಣ್ಣಗಾದಾಗ ಸಿಲಿಕಾನಿನ ಸೂಚ್ಯಂಕವೇ ಶೇಕಡಾ ಒಂದರಷ್ಟು ಇಳಿಯುತ್ತದೆ. ಪ್ರತಿಯೊಂದು ಸಂಖ್ಯೆಯೂ ಸರಿಯಾಗಿತ್ತು, ನಾನು ಕೊಟ್ಟ ಅರ್ಥ ತಪ್ಪಾಗಿತ್ತು. ಅಂದಿನಿಂದ ಸ್ಯಾಂಪಲ್ ಕೈಗೆ ಬಂದ ಕೂಡಲೇ ಅದರ ದಪ್ಪವನ್ನು ಐದು ಕಡೆ ಅಳೆದು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆಯುತ್ತೇನೆ. ನನ್ನ ವಿದ್ಯಾರ್ಥಿಗಳಿಂದಲೂ ಬರೆಸುತ್ತೇನೆ.

ಇದು ಅಪಾಯಕಾರಿಯೇ? ವಿಮಾನ ನಿಲ್ದಾಣದಲ್ಲಿರುವುದು ಇದೇನಾ?

ಟೆರಾಹರ್ಟ್ಸ್ ಫೋಟಾನಿಗೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕುವ ಶಕ್ತಿ ಇಲ್ಲ. 1 ಟೆರಾಹರ್ಟ್ಸ್‌ನಲ್ಲಿ ಅದಕ್ಕೆ ಬೇಕಾದುದರ ಸಾವಿರದ ಒಂದು ಪಾಲೂ ಇಲ್ಲ. ಎಕ್ಸ್-ರೇಯಂತೆ ಹಾನಿ ಮಾಡದು. ಶಕ್ತಿ ತುಂಬಾ ಹೆಚ್ಚಾದರೆ ಬಿಸಿ ಮಾಡಬಹುದು, ಅಷ್ಟೇ. ವಿಮಾನ ನಿಲ್ದಾಣಗಳಲ್ಲಿ ಕೈ ಮೇಲೆತ್ತಿ ನಿಲ್ಲುವ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಬಳಸುವುದು 24ರಿಂದ 30 ಗಿಗಾಹರ್ಟ್ಸ್‌ನ ಮಿಲಿಮೀಟರ್ ಅಲೆಗಳನ್ನು; ಅವು ನಮ್ಮ ಪಟ್ಟಿಗಿಂತ ಕೆಳಗಿನವು.

ನಮ್ಮ ಕೋಣೆಯಲ್ಲಿ ನಿಜವಾದ ಅಪಾಯ ಬೇರೆ ಕಡೆಯಿದೆ. ಟೆರಾಹರ್ಟ್ಸ್ ಹುಟ್ಟಿಸುವ ಲೇಸರ್ 800 ನ್ಯಾನೋಮೀಟರಿನದು. ಕಣ್ಣಿಗೆ ಅದು ಮಂಕಾದ ಕೆಂಪು ಚುಕ್ಕೆಯಾಗಿ ಕಾಣುತ್ತದೆ, ಆದ್ದರಿಂದಲೇ ಮೋಸ. ಕಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಅಲ್ಲಿರುತ್ತದೆ, ಒಂದೇ ಕ್ಷಣದಲ್ಲಿ ಅಕ್ಷಿಪಟಲ ಸುಡುತ್ತದೆ. ಲೇಸರ್ ತಡೆಯುವ ರಕ್ಷಣಾ ಕನ್ನಡಕ ಹಾಕದೆ ಒಳಗೆ ಬರಬೇಡಿ. ಗಡಿಯಾರ, ಉಂಗುರ ಕಳಚಿಡಿ. ಬಿದ್ದದ್ದನ್ನು ಎತ್ತಲು ಬಗ್ಗುವಾಗ ಕಿರಣದ ಮಟ್ಟಕ್ಕೆ ಮುಖ ಬಾರದಂತೆ ತಿರುಗಿ ಬಗ್ಗಿ. ಈ ಮೂರರಲ್ಲಿ ನನ್ನಲ್ಲಿ ರಿಯಾಯಿತಿ ಇಲ್ಲ.

ಪ್ರಯೋಗಾಲಯದ ಹೊರಗೆ ಇದರ ಉಪಯೋಗವೇನು?

ಪ್ಲಾಸ್ಟಿಕ್, ಕಾಗದ, ಬಟ್ಟೆ, ಫೋಮ್ ಇವೆಲ್ಲ ಟೆರಾಹರ್ಟ್ಸ್‌ಗೆ ಹೆಚ್ಚು ಕಡಿಮೆ ಪಾರದರ್ಶಕ. 2003ರ ಕೊಲಂಬಿಯಾ ದುರಂತದ ನಂತರ ನಾಸಾ, ಬಾಹ್ಯಾಕಾಶ ನೌಕೆಯ ಇಂಧನ ಟ್ಯಾಂಕಿನ ಫೋಮಿನೊಳಗೆ ಅಡಗಿದ ಪೊಳ್ಳುಗಳನ್ನು ಹುಡುಕಲು ಇದನ್ನು ಬಳಸಿತು. ಕಾರಿನ ಮೈಮೇಲಿನ ಬಣ್ಣದ ಒಂದೊಂದು ಪದರದ ದಪ್ಪವನ್ನು ಪ್ರತಿಧ್ವನಿಗಳಿಂದ ಅಳೆಯುತ್ತಾರೆ. ನನ್ನನ್ನು ದಾರಿ ತಪ್ಪಿಸಿದ ಪ್ರತಿಧ್ವನಿಯೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಸಂಪರ್ಕ ಕ್ಷೇತ್ರದಲ್ಲಿ 2019ರ ಜಾಗತಿಕ ರೇಡಿಯೊ ಸಮ್ಮೇಳನ 275ರಿಂದ 450 ಗಿಗಾಹರ್ಟ್ಸ್ ನಡುವಿನ ಕೆಲವು ಪಟ್ಟಿಗಳನ್ನು ಗುರುತಿಸಿಕೊಟ್ಟಿದೆ, 6ಜಿ ಮಾತು ಬಂದಾಗ ಟೆರಾಹರ್ಟ್ಸ್ ಹೆಸರು ಕೇಳಿಬರುವುದು ಅದಕ್ಕೇ. ಗಾಳಿಯ ತೇವ ಅಲೆಯನ್ನು ಹೀರುವುದರಿಂದ ದೂರದ ಸಂಪರ್ಕಕ್ಕಿಂತ ಹತ್ತಿರದ, ಅತಿ ವೇಗದ ಸಂಪರ್ಕಕ್ಕೆ ಇದು ಒದಗೀತು ಎಂಬುದು ನನ್ನ ಅಂದಾಜು. ಖಗೋಳದವರು ನೀರಾವಿಯಿಂದ ತಪ್ಪಿಸಿಕೊಳ್ಳಲು ಎತ್ತರಕ್ಕೆ ಹೋದರು: ಚಿಲಿಯ ಅಟಕಾಮ ಮರುಭೂಮಿಯಲ್ಲಿ ಸುಮಾರು 5000 ಮೀಟರ್ ಎತ್ತರದಲ್ಲಿ ಆಲ್ಮಾ ದೂರದರ್ಶಕದ 66 ಆಂಟೆನಾಗಳಿವೆ. 3.5 ಮೀಟರ್ ಕನ್ನಡಿಯ ಹರ್ಷೆಲ್ ದೂರದರ್ಶಕವಂತೂ 2009ರಿಂದ 2013ರ ತನಕ ಆಕಾಶದಲ್ಲೇ ಕೆಲಸ ಮಾಡಿತು.

ಈ ದಾರಿಗೆ ಬರಲು ಏನು ಓದಿರಬೇಕು?

ವಿದ್ಯುತ್ಕಾಂತೀಯತೆ ಮತ್ತು ಘನಸ್ಥಿತಿ ಭೌತಶಾಸ್ತ್ರ, ಇವೆರಡು ಗಟ್ಟಿಯಾಗಿರಲಿ. ಅಲೆಯೊಂದನ್ನು ಅದರ ಆವರ್ತನಗಳಾಗಿ ಬಿಡಿಸುವ ಫೂರಿಯೆ ಪರಿವರ್ತನೆ ಸೂತ್ರವಾಗಿ ಬಾಯಿಪಾಠ ಬಂದರೆ ಸಾಲದು. ಕಾಲದಲ್ಲಿ ಪ್ರತಿಧ್ವನಿ ಇದ್ದರೆ ಆವರ್ತನದಲ್ಲಿ ಅಲೆಯಲೆ ಬರುತ್ತದೆ ಎಂಬುದು ನೋಡಿದ ಕೂಡಲೇ ಹೊಳೆಯಬೇಕು. ನನಗೆ ಅದು ಹೊಳೆಯದೆ ಏನಾಯಿತೆಂದು ಮೇಲೆ ಹೇಳಿದ್ದೇನೆ. ಪೈಥಾನ್ ಬರಲಿ, ಉಪಕರಣಗಳ ಜೊತೆ ಮಾತಾಡುವ ಪ್ರೋಗ್ರಾಮನ್ನು ನೀವೇ ಬರೆಯಬೇಕಾಗುತ್ತದೆ. ಬೆಸುಗೆ ಹಾಕಲು, ನಿರ್ವಾತ ಪಂಪಿನ ಸೋರಿಕೆ ಹುಡುಕಲು, ದ್ರವ ಹೀಲಿಯಂ ತುಂಬಲು ಇಲ್ಲಿಗೆ ಬಂದ ಮೇಲೆ ಕಲಿಯಬಹುದು. ಕೈ ಪಳಗಲು ವರ್ಷ ಹಿಡಿಯುತ್ತದೆ, ಅವಸರ ಬೇಡ.

ದಿನ ಹೇಗಿರುತ್ತದೆ?

ಬೆಳಿಗ್ಗೆ ಲೇಸರ್ ಹಚ್ಚಿ ಅದು ಸ್ಥಿರವಾಗುವ ತನಕ ಕಾಯುವುದು. ನೈಟ್ರೋಜನ್ ಬಿಡುವುದು. ನಿನ್ನೆಯ ಸಿಗ್ನಲ್ ಇವತ್ತೂ ಇದೆಯೇ ನೋಡುವುದು. ಇಲ್ಲದಿದ್ದರೆ ಯಾಕಿಲ್ಲ ಎಂದು ಹುಡುಕುವುದರಲ್ಲೇ ಮಧ್ಯಾಹ್ನ. ಎಲ್ಲ ಕೂಡಿಬಂದ ದಿನ ರಾತ್ರಿಯಾದರೂ ಯಾರೂ ಏಳುವುದಿಲ್ಲ, ಯಾಕೆಂದರೆ ನಾಳೆ ಹೀಗೇ ಇರುತ್ತದೆಂಬ ಖಾತ್ರಿಯಿಲ್ಲ. ಒಮ್ಮೆ ತಂಪುನೀರಿನ ಯಂತ್ರ ಕೆಟ್ಟು ಲೇಸರ್ ಆರು ವಾರ ನಿಂತುಹೋಯಿತು. ಆಗ ಹಳೆಯ ದತ್ತಾಂಶವನ್ನೆಲ್ಲ ಮತ್ತೆ ತೆಗೆದು ಕೂತೆವು, ಅದರಲ್ಲಿ ನಾವು ಗಮನಿಸದೇ ಬಿಟ್ಟಿದ್ದ ಒಂದು ದುರ್ಬಲ ರೇಖೆ ಸಿಕ್ಕಿತು.

ಪಿಎಚ್‌.ಡಿ. ಆದ ಮೇಲೆ ಕೆಲಸ ಸಿಗುತ್ತದೆಯೇ?

ಇದನ್ನು ಕೇಳುವವರ ದನಿಯಲ್ಲಿ ಆತಂಕ ಇರುತ್ತದೆ, ಅದು ಸಹಜ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ವಿಶ್ವವಿದ್ಯಾಲಯದ ಕಾಯಂ ಹುದ್ದೆಗಳು ಕಡಿಮೆ, ಬಯಸುವವರು ಹೆಚ್ಚು. ನಾನು ಎರಡು ಕಡೆ ಪೋಸ್ಟ್‌ಡಾಕ್ ಮಾಡಿದೆ, ಮೂರು ವರ್ಷ ಅರ್ಜಿ ಹಾಕಿದೆ. ಒಂದು ಸಂದರ್ಶನದಲ್ಲಿ ನನ್ನ ಕೆಲಸವನ್ನು ಅರ್ಧಕ್ಕೇ ತಡೆದು “ಇದು ಉಪಕರಣ ಕಟ್ಟುವ ಕೆಲಸವಾಯಿತು, ಭೌತಶಾಸ್ತ್ರ ಎಲ್ಲಿದೆ?” ಎಂದು ಕೇಳಿದರು. ಆ ದಿನ ಬಹಳ ನೋವಾಯಿತು. ಉತ್ತರ ಹೇಳಲು ಆಗ ಬಾಯಿ ಬರಲಿಲ್ಲ. ರೂಬೆನ್ಸ್ ಕಥೆಯನ್ನು ಹೇಳಬಹುದಿತ್ತು ಎಂದು ಆಮೇಲೆ ಅನ್ನಿಸಿತು.

ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಕಂಪನಿಗಳಿಗೆ ಹೋದರು: ಲೇಸರ್ ತಯಾರಿಕೆ, ಚಿಪ್ ತಪಾಸಣೆ, ವೈದ್ಯಕೀಯ ಚಿತ್ರಣ, ಕೆಲವರು ದತ್ತಾಂಶ ವಿಶ್ಲೇಷಣೆ. ಗದ್ದಲದಿಂದ ಸಿಗ್ನಲ್ ಹೆಕ್ಕುವುದು, ಕೆಟ್ಟ ಯಂತ್ರವನ್ನು ಕ್ರಮವಾಗಿ ಬಿಡಿಸಿ ನೋಡುವುದು, ತನ್ನ ಅಳತೆಯನ್ನೇ ಅನುಮಾನಿಸುವುದು, ಇವು ಎಲ್ಲಿ ಹೋದರೂ ಕೈ ಹಿಡಿಯುತ್ತವೆ. ಅವರು ದಾರಿ ಬಿಟ್ಟರು ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಿಗೆಯಿಲ್ಲ.

ಸಂಶೋಧನಾ ಗುಂಪು ಆರಿಸುವಾಗ ಏನು ನೋಡಬೇಕು?

ಪ್ರಕಟವಾದ ಲೇಖನಗಳ ಎಣಿಕೆ ಬಿಡಿ. ಹೋಗಿ ಒಂದು ದಿನ ಅಲ್ಲಿ ಕೂತು ನೋಡಿ. ಸಿಗ್ನಲ್ ಹೋದಾಗ ಹಿರಿಯರು ಕಿರಿಯರ ಜೊತೆ ಹೇಗೆ ಮಾತಾಡುತ್ತಾರೆ? ನೋಟ್‌ಬುಕ್ಕಿನಲ್ಲಿ ಸೋತ ಅಳತೆಗಳನ್ನೂ ಬರೆದಿಡುತ್ತಾರೆಯೇ? ಇದರ ಮುಂದೆ ಉಳಿದದ್ದೆಲ್ಲ ಸಣ್ಣದು.

ಇನ್ನೂ ಬಗೆಹರಿಯದೆ ಉಳಿದಿರುವುದು ಏನು?

ಬೇಕಾದಷ್ಟಿದೆ. 2002ರಲ್ಲಿ ಅರೆವಾಹಕದ ತೆಳು ಪದರಗಳಿಂದ ಕಟ್ಟಿದ ಮೊದಲ ಟೆರಾಹರ್ಟ್ಸ್ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ 4.4 ಟೆರಾಹರ್ಟ್ಸ್‌ನಲ್ಲಿ ಬೆಳಗಿತು, ಆದರೆ 50 ಕೆಲ್ವಿನ್ ತನಕ ಮಾತ್ರ. 2020ರಲ್ಲಿ ಅದನ್ನು 250 ಕೆಲ್ವಿನ್ ತನಕ ತಂದರು. ಫೋಟಾನಿನ ಶಕ್ತಿಗೂ ಕೋಣೆಯ ಶಾಖಕ್ಕೂ ನಡುವಿನ ಆ 4 ಮತ್ತು 25ರ ಜಗಳ ಇಲ್ಲೂ ಬೆನ್ನು ಬಿಟ್ಟಿಲ್ಲ. ಇನ್ನೊಂದು, ಅಲೆಯ ಉದ್ದವೇ 300 ಮೈಕ್ರಾನ್ ಇರುವಾಗ ಒಂದು ನ್ಯಾನೋ ಕಣವನ್ನು ನೋಡುವುದು ಹೇಗೆ? ಸೂಜಿಯ ಚೂಪು ತುದಿಗೆ ಅಲೆಯನ್ನು ಒತ್ತೊತ್ತಿ ಸೇರಿಸಿ ಹತ್ತಾರು ನ್ಯಾನೋಮೀಟರ್ ತನಕ ಇಳಿದಿದ್ದಾರೆ. ಮುಂದಿನ ಹತ್ತು ವರ್ಷ ನನಗೆ ಮತ್ತೆ ಸಿಗುವುದಾದರೆ ಅಲ್ಲಿಯೇ ಕಳೆಯುತ್ತಿದ್ದೆ.

ಹೊಸದಾಗಿ ಸೇರಿದವರಿಗೆ ಮೊದಲ ದಿನ ಏನು ಮಾಡಿಸುತ್ತೀರಿ?

ಸ್ಯಾಂಪಲ್ ಕೊಡುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು ಖಾಲಿ ಗಾಳಿಯನ್ನೇ ಅಳೆಯಲು ಹೇಳುತ್ತೇನೆ. ಪರದೆಯ ಮೇಲೆ ಚೂಪಾದ ಒಂದು ಏರು, ಒಂದು ಇಳಿವು, ಅದರ ಹಿಂದೆ ಉದ್ದನೆಯ ನಡುಗುವ ಬಾಲ. ಗದ್ದಲ ಎಂದುಕೊಂಡು ಹೆಚ್ಚಿನವರು ಇನ್ನೊಮ್ಮೆ ಅಳೆಯುತ್ತಾರೆ. ಎರಡನೆಯ ಸಲವೂ ಅದೇ ಬಾಲ, ಒಂದೊಂದು ಏರಿಳಿತವೂ ಅದೇ ಜಾಗದಲ್ಲಿ. ಆಗ ಮುಚ್ಚಳ ಹಾಕಿಸಿ, ನೈಟ್ರೋಜನ್ ಬಿಡಿಸಿ, ಐದೈದು ನಿಮಿಷಕ್ಕೊಮ್ಮೆ ಅಳೆಯಿರಿ ಎಂದು ಹೇಳಿ ಹೊರಗೆ ಹೋಗುತ್ತೇನೆ. ಅರ್ಧ ಗಂಟೆ ಬಿಟ್ಟು ಬಂದಾಗ ಬಾಲ ಹೆಚ್ಚು ಕಡಿಮೆ ಮಾಯವಾಗಿರುತ್ತದೆ, ಪರದೆಯ ಮೇಲೆ ಆರೇಳು ಗೆರೆಗಳು ಒಂದರ ಕೆಳಗೊಂದು ಇರುತ್ತವೆ, ಅವರು ಮೊದಲಿನ ಗೆರೆಗೆ ಬೆರಳಿಟ್ಟು “ಇದು ನೀರೇ ಅಲ್ಲವಾ?” ಎಂದು ಕೇಳುತ್ತಾರೆ.